ಬಾವಲಿಗಳು ಖಾಲಿ ಮಾಡಿದ ಮನೆ

ಹೊಳೆ ದಂಡೆಯ ಆಶ್ರಮದಲ್ಲಿ ಹಾಲಸ್ವಾಮಿ ಅಂತ ಗುರುಗಳು, ಗುಡದಯ್ಯ ಅಂತ ಶಿಷ್ಯ. ಶಿಷ್ಯನಿಗೆ ಜ್ಞಾನಕ್ಕಿಂತ ಮೊದಲು ಒಂದು ದೋಣಿ ಬೇಕಿತ್ತು.

ಮೊಸರು ಕೊಡುವ ಮನೆ ಆಚೆ ದಡದಲ್ಲಿತ್ತು. ಸೇತುವೆ ಒಂದು ಹರದಾರಿ ದೂರ. ದಿನಾ ಸುತ್ತು ಹಾಕಿ ಕುಲುಕಿಕೊಂಡು ಬರುವಷ್ಟರಲ್ಲಿ ಚೆಂಬಿನ ಮೊಸರು ಮಜ್ಜಿಗೆಯಾಗಿರುತ್ತಿತ್ತು.

"ಗುರುಗಳೇ, ದಂಡೆಯ ಹೊಳೆಮತ್ತಿ ಮರ ಕಡೀಲಾ? ಒಳಗೆಲ್ಲ ಟೊಳ್ಳು. ದೋಣಿ ಕೆತ್ತೋ ಕೆಲಸ ಅರ್ಧ ಮರವೇ ಮಾಡಿಟ್ಟಿದೆ."

"ಮೊದಲು ಮಾಡಿದ್ದು ಮರಕುಟಿಗ ಕಣೋ. ಆಗ ನಾನು ನಿನ್ನಷ್ಟಿದ್ದೆ. ಆಮೇಲೆ ಗಿಳಿ ಸಂಸಾರ ಹೂಡಿತು. ಒಳಗೆ ಕೊಳೆತು ಕೊಳೆತು ಜಾಗ ಆದಮೇಲೆ ಬಾವಲಿಗಳು ಬಂದವು. ಹತ್ತಿ ನೋಡು. ಯಾರೂ ಇಲ್ಲದಿದ್ದರೆ ಕಡಿ."

ಗುಡದಯ್ಯ ಹತ್ತಿ ಪೊಟರೆಗೆ ಮೂತಿ ಇಟ್ಟ. ಒಳಗೆ ಪುಟ್ಟ ಪುಟ್ಟ ಬಾವಲಿಗಳು ಒತ್ತಿಕೊಂಡು ನೇತಾಡುತ್ತಿದ್ದವು. ಒಂದು ಅವನನ್ನು ತಲೆಕೆಳಗಾಗಿ ನೋಡಿ ಆಕಳಿಸಿತು.

ಮರುದಿನವೂ ಇದ್ದವು. ಅದರ ಮರುದಿನವೂ.

ನಾಲ್ಕನೆಯ ಬೆಳಿಗ್ಗೆ ಗುಡದಯ್ಯ ಮರದಿಂದ ಜಾರಿಕೊಂಡೇ ಇಳಿದ.

"ಗುರುಗಳೇ, ಮನೆ ಖಾಲಿ ಮಾಡಿದ್ದಾರೆ."

"ಎಲ್ಲಿಗೆ ಹೋದರಂತೆ?"

"ಪಕ್ಕದ ನೇರಳೆ ಮರದ ಪೊಟರೆಗೆ. ಇಲ್ಲಿ ಹಿಕ್ಕೆ ಬಿದ್ದು ಗಬ್ಬು ನಾತ. ಯಾರಿರ್ತಾರೆ?"

"ಮರ ಕಡಿಯೋ ಮುಂಚೆ ಮಿಂದು ಬರಬೇಕು. ಹೋಗು," ಅಂದರು ಗುರುಗಳು.

ಗುಡದಯ್ಯ ಹೊಳೆಯಲ್ಲಿ ಮುಳುಗು ಹಾಕಿ, ನೀರು ಸುರಿಯುವ ಪಂಚೆಯಲ್ಲೇ ಓಡಿ ಬಂದ. ಒಣಗಿದ ಪಂಚೆಗೆ ಹಗ್ಗದ ಕಡೆ ಕೈ ಚಾಚಿದರೆ ಹಗ್ಗ ಮಾತ್ರ ಸಿಕ್ಕಿತು.

ಗುರುಗಳು ಒಲೆಯ ಮುಂದೆ ಕೂತು ಬಟ್ಟೆ ಹರಿಯುತ್ತಿದ್ದರು.

"ಗುರುಗಳೇ, ಅದು ನನ್ನ ಪಂಚೆ."

"ಇರಬಹುದು. ಹಗ್ಗದ ಮೇಲಿತ್ತು. ಒಳಗೆ ನೋಡಿದೆ, ಯಾರೂ ಇರಲಿಲ್ಲ."

ಪರ್ ಅಂತ ಇನ್ನೊಂದು ಚೂರು.

"ಅಯ್ಯೋ, ಒಗೆದು ಹಾಕಿದ್ದೆ. ಇದು ಕೊಳೆಯಾದರೆ ಅದನ್ನ ಉಡ್ತೀನಿ, ಅದು ಕೊಳೆಯಾದರೆ ಮತ್ತೆ ಇದಕ್ಕೇ ಬರ್…"

ಗುಡದಯ್ಯ ಹೊಳೆಮತ್ತಿಯ ಕಡೆ ನೋಡಿದ. ಆಮೇಲೆ ನೇರಳೆಯ ಕಡೆ ನೋಡಿದ.

ಗುರುಗಳು ಚೂರುಗಳನ್ನು ಕೈಗೆ ಸುತ್ತಿಕೊಂಡು ಗಂಜಿ ಮಡಕೆ ಇಳಿಸಿದರು.

ಮೊದಲು ನಕ್ಕವನು ಗುಡದಯ್ಯನೇ. ಒದ್ದೆ ಪಂಚೆ ಜಾರುವಷ್ಟು ನಕ್ಕ. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೊಡಲಿಯನ್ನು ಸೂರಿಗೆ ಸಿಕ್ಕಿಸಿದ, ಮೊಸರಿನ ಚೆಂಬು ಎತ್ತಿಕೊಂಡ, ಸೇತುವೆಯ ದಾರಿ ಹಿಡಿದ.

ನಾಲ್ಕು ಹೆಜ್ಜೆ ಹೋದವನು ತಿರುಗಿದ.

"ಬಾಯಲ್ಲೇ ಹೇಳಿದ್ದರೆ ಆಗ್ತಿರಲಿಲ್ವಾ, ಗುರುಗಳೇ? ಪಂಚೆ ಉಳೀತಿತ್ತು."

"ಪಂಚೆ ಉಳೀತಿತ್ತು," ಅಂದರು ಗುರುಗಳು. "ಮರ ಹೋಗ್ತಿತ್ತು."