ಗೀಜಗದ ಪುಟ

ಬೇಲಿಯ ಮೇಲೆ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದ ಗೋಸುಂಬೆಯ ಬಳಿಗೆ ಮುದಿ ಗೀಜಗ ಬಂದಿತು. ಗೂಡು ಹೆಣೆದುಕೊಡುವ ತನ್ನ ಕಸುಬಿಗೆಂದು ನಾಲ್ಕು ತಿಂಗಳ ಹಿಂದೆ ಅಲ್ಲೇ ಒಂದು ಪುಟ ಮಾಡಿಸಿಕೊಂಡಿತ್ತು.

"ಬನ್ನಿ ಅಜ್ಜ. ಬಣ್ಣ ಬದಲಿಸಬೇಕೇ? ಕ್ಷಣದಲ್ಲಿ ಆಗುತ್ತದೆ," ಎಂದಿತು ಗೋಸುಂಬೆ.

"ಬಣ್ಣವೇನೋ ಚೆನ್ನಾಗಿದೆಯಪ್ಪ. ಪುಟವನ್ನೇ ಅಳಿಸಿಬಿಡು. ಇಷ್ಟು ದಿನದಲ್ಲಿ ಒಂದು ಫೋನೂ ಬರಲಿಲ್ಲ. ನಿನ್ನ ಕೆಲಸದಲ್ಲಿ ಊನವಿಲ್ಲ, ನನ್ನ ಹೆಣಿಗೆಯೇ ಕೆಟ್ಟಿರಬೇಕು. ಇನ್ನು ಹೆಣೆಯುವುದಿಲ್ಲ."

ಅಳಿಸಲೆಂದು ಗೋಸುಂಬೆ ಪುಟ ತೆರೆಯಿತು. ಅಡಿಯಲ್ಲಿದ್ದದ್ದು ಮರಕುಟಿಗನ ನಂಬರ್. ಹಿಂದೆ ಮರಕುಟಿಗನಿಗೆ ಮಾಡಿದ್ದ ಪುಟವನ್ನೇ ನಕಲು ಮಾಡಿ, ಹೆಸರು, ಚಿತ್ರ, ಬಣ್ಣ ಬದಲಿಸಿ, ನಂಬರ್ ಬದಲಿಸುವುದನ್ನು ಅದು ಮರೆತಿತ್ತು. ಗೂಡು ಬೇಕೆಂದು ಕೇಳಿದವರಿಗೆಲ್ಲ ಮರಕುಟಿಗ "ರಾಂಗ್ ನಂಬರ್" ಎಂದು ಫೋನ್ ಇಟ್ಟಿರಬೇಕು.

ಒಂದು ಗುಂಡಿ ಒತ್ತಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೋಸುಂಬೆಯ ಬೆರಳು ಆ ಗುಂಡಿಯ ಮೇಲೇ ಇತ್ತು.

"ಅಳಿಸುವುದು ಅಷ್ಟು ಕಷ್ಟವೇನಪ್ಪ? ನಿನಗೆ ತೊಂದರೆ ಕೊಟ್ಟೆ, ಕ್ಷಮಿಸು," ಎಂದಿತು ಗೀಜಗ.

ಗೋಸುಂಬೆ ಬೆರಳು ತೆಗೆಯಿತು. "ಅಜ್ಜ, ನಿಮ್ಮ ಹೆಣಿಗೆ ಕೆಟ್ಟಿಲ್ಲ. ನಿಮ್ಮ ಪುಟಕ್ಕೆ ನಾನು ಬೇರೆಯವರ ನಂಬರ್ ಹಾಕಿದ್ದೆ."

ಗೀಜಗ ಪುಟದ ಅಡಿಯಲ್ಲಿದ್ದ ನಂಬರನ್ನು ಬಗ್ಗಿ ನೋಡಿತು. ಆಮೇಲೆ ತನ್ನ ನಂಬರನ್ನು ಒಂದೊಂದೇ ಅಂಕೆಯಾಗಿ ಹೇಳಿ ಬರೆಸಿತು. "ಈಗ ಅದಕ್ಕೆ ನನ್ನೆದುರಿಗೇ ಫೋನ್ ಮಾಡಿ ನೋಡು," ಎಂದಿತು.

ಗೋಸುಂಬೆ ಫೋನ್ ಮಾಡಿತು. ಗೀಜಗದ ರೆಕ್ಕೆಯಡಿ ಫೋನ್ ರಿಂಗಾಯಿತು. ಅದು ಗಡಬಡಿಸಿ ಗರಿ ಸರಿಮಾಡಿಕೊಂಡು, ಫೋನೆತ್ತಿ ಕೇಳಿತು: "ನಮಸ್ಕಾರ, ಎಂಥ ಗೂಡು ಬೇಕಾಗಿತ್ತು?"

ಒಂದು ಗೇಣು ದೂರದಲ್ಲಿ ಕೂತಿದ್ದ ಗೋಸುಂಬೆ ಫೋನಿನಲ್ಲೇ, "ನೀವು ಹೆಣೆಯುವಂಥದ್ದೇ," ಎಂದಿತು.