ಮೂರು ನೀರಿನ ಪಾಲಕ್

ಕೆಂಪಾಜಮ್ಮ ಇಪ್ಪತ್ತೆರಡು ವರ್ಷ ಹೊಲದಲ್ಲಿ ಪಾಲಕ್ ಬೆಳೆದು, ಬೇರು ಸಮೇತ ಕಿತ್ತು, ಕಟ್ಟು ಕಟ್ಟಿ ಮಾರ್ಕೆಟ್ಟಿನಲ್ಲಿ ಮಾರಿದವಳು. ಒಂದು ವರ್ಷ ಅವಳ ಕಾಲಿನ ಮಂಡಿ ಕೈಕೊಟ್ಟಿತು. ಬಗ್ಗಿದರೆ ಏಳಲಾಗದು.

ಮಗಳು ಸುಕನ್ಯ ಎಲ್ಲೋ ತರಬೇತಿಗೆ ಹೋಗಿ ಬಂದು, ತಾರಸಿಯ ಮೇಲೆ ಅವ್ವನ ಸೊಂಟದೆತ್ತರಕ್ಕೆ ಬಿಳಿ ಪೈಪು ಜೋಡಿಸಿದಳು. ಪೈಪಿನಲ್ಲಿ ನೀರು, ನೀರಿನಲ್ಲೇ ಗೊಬ್ಬರದ ಸತ್ವ. ಮಣ್ಣು ಒಂದು ಹಿಡಿಯೂ ಇಲ್ಲ. ಪಾಲಕ್ ಮಾತ್ರ ಸೊಗಸಾಗಿ ಬಂತು. ಕೆಂಪಾಜಮ್ಮ ನಿಂತುಕೊಂಡೇ ಕಿತ್ತಳು.

ಮಾರ್ಕೆಟ್ಟಿನಲ್ಲಿ ಜನ ಹಾಲಿನಂಥ ಬೇರು ನೋಡಿ ಮೂಗು ಮುರಿದರು.

"ಇದೇನಮ್ಮಾ, ಪ್ಲಾಸ್ಟಿಕ್ ಸೊಪ್ಪಾ?"

ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂತು.

ಮರುದಿನ ಕೆಂಪಾಜಮ್ಮ ಒಂದು ಬಟ್ಟಲಲ್ಲಿ ಮಣ್ಣು ಕಲಸಿಕೊಂಡು ಕೂತಳು. ಒಂದೊಂದೇ ಬೇರಿಗೆ ಮೆತ್ತಿದಳು.

"ಅವ್ವಾ, ತೊಳೆದ ಮುಖಕ್ಕೆ ಮಸಿ ಬಳೀತೀಯಲ್ಲೇ!"

"ಸುಮ್ನಿರೇ. ಮದುವೆ ಹೆಣ್ಣಿಗೆ ಅರಿಶಿನ ಹಚ್ಚಲ್ವಾ?"

ಅವತ್ತು ಬುಟ್ಟಿ ಖಾಲಿ. ಆದರೂ ಕೆಂಪಾಜಮ್ಮನಿಗೆ ಊಟ ಸೇರಲಿಲ್ಲ.

ಎರಡು ದಿನ ಕಳೆದು ಫಿಲೋಮಿನಾ ಟೀಚರ್ ಬಂದರು. ಮೊದಲ ವರ್ಷದಿಂದಲೂ ಅವರು ಬೇರೆ ಯಾರ ಬುಟ್ಟಿಯನ್ನೂ ಮುಟ್ಟಿದವರಲ್ಲ.

"ಕೆಂಪಾಜಮ್ಮ, ನಿಮ್ಮ ಪಾಲಕ್ ತೊಳೆಯೋಕೆ ಯಾವಾಗಲೂ ಮೂರು ನೀರು ಕೇಳುತ್ತೆ. ಬೇರಿನ ಸಂದಿಯಲ್ಲೆಲ್ಲ ಮಣ್ಣು ಕೂತಿರುತ್ತೆ. ಮೊನ್ನೆ ಕೊಂಡದ್ದರ ಮಣ್ಣು ಒಂದೇ ನೀರಿಗೆ ಬಿಟ್ಟುಬಿಡ್ತು. ಇದು ನೀವು ಬೆಳೆದದ್ದು ತಾನೇ?"

'ಇದು ಮರಳು ಮಣ್ಣು, ಬೇಗ ಬಿಡುತ್ತೆ' ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸುತ್ತ ನಾಲ್ಕು ಜನ ಗಿರಾಕಿಗಳು ಕಿವಿಯಾಗಿದ್ದರು. ನಿಜ ಹೇಳಿದರೆ ಟೀಚರಮ್ಮನೂ ಹೋದರು, ವ್ಯಾಪಾರವೂ ಹೋಯಿತು. ಕೆಂಪಾಜಮ್ಮ ತನ್ನ ಉಗುರಿನ ಸಂದಿಯ ಮಣ್ಣು ನೋಡಿಕೊಂಡಳು.

"ನಾನೇ ಬೆಳೆದದ್ದು ಟೀಚರಮ್ಮ. ನೀರಲ್ಲಿ ಬೆಳೆದೆ. ಮಣ್ಣು ಮಾತ್ರ ಮೇಲಿಂದ ಮೆತ್ತಿದ್ದು. ಮಂಡಿ ಹೋಯ್ತು, ನೀವೂ ಹೋಗ್ತೀರೇನೋ ಅಂತ ಹೆದರಿಕೊಂಡೆ."

ಟೀಚರ್ ಸೆರಗಿನ ಮರೆಯಿಂದ ತಮ್ಮ ಕೈ ಹೊರಗೆ ಚಾಚಿದರು. ಬೆರಳುಗಳೆಲ್ಲ ಗಂಟುಗಟ್ಟಿ ಸೊಟ್ಟಗಾಗಿದ್ದವು.

"ಈ ಕೈಯಲ್ಲಿ ಮೂರು ನೀರು ತೊಳೆಯೋದು ಎಂಥ ಪಾಡು ಗೊತ್ತೇನ್ರೀ? ನೀವು ನೊಂದ್ಕೋತೀರಿ ಅಂತ ನಾನೂ ಬಾಯಿ ಬಿಟ್ಟಿರಲಿಲ್ಲ."

"ಅಯ್ಯೋ ನಮ್ಮವ್ವಾ! ಮತ್ತೆ... ರುಚಿ?"

"ಹೊಲದ್ದಕ್ಕಿಂತ ಒಂದು ಕೈ ಕಮ್ಮಿ. ಸುಳ್ಳು ಯಾಕೆ ಹೇಳಲಿ? ಬೆಳ್ಳುಳ್ಳಿ ಒಂದೆಸಳು ಜಾಸ್ತಿ ಹಾಕಿದ್ರೆ ಆಯ್ತು. ಎರಡು ಕಟ್ಟು ಕೊಡಿ, ಮೇಕಪ್ ಇಲ್ಲದ್ದು."

ನಿಂತವರೆಲ್ಲ ನಕ್ಕರು. ಇಬ್ಬರು ಕೊಂಡರು, ಇನ್ನಿಬ್ಬರು ಹೊರಟುಹೋದರು. ಆ ಸಂಜೆ ಕೆಂಪಾಜಮ್ಮ ಬಟ್ಟಲಿನ ಮಣ್ಣನ್ನು ಕಟ್ಟೆಯ ಮೇಲಿದ್ದ ಒಡಕು ಬಕೆಟ್ಟಿಗೆ ಸುರಿದು, ನಾಲ್ಕು ಕಾಳು ಮೆಂತ್ಯ ಚೆಲ್ಲಿದಳು. ಅದಕ್ಕೆ ಬಗ್ಗಬೇಕಾಗಿರಲಿಲ್ಲ.

ನೀತಿ: ಮಣ್ಣಲ್ಲಿ ಬೆಳೆದರೂ ಸರಿ, ನೀರಲ್ಲಿ ಬೆಳೆದರೂ ಸರಿ, ಬೇರನ್ನು ಇದ್ದ ಹಾಗೆ ತೋರಿಸಿ. ಕೆಲವರು ಹೋಗುತ್ತಾರೆ, ಹೋಗಲಿ. ನಮ್ಮವರು ನಮ್ಮ ಕಷ್ಟ ಕೇಳಿಸಿಕೊಂಡು, ತಮ್ಮದನ್ನೂ ಹೇಳಿಕೊಂಡು ಉಳಿಯುತ್ತಾರೆ.