ಮೂರನೆಯ ಕೀ

"ಗುರುಗಳೇ, ಯಾರನ್ನೂ ನಂಬದೆ ಬದುಕಿದವನಿಗೆ ನಷ್ಟವೇನು?" ಎಂದು ಶಿಷ್ಯನೊಬ್ಬ ಕೇಳಿದ.

ಅವನಿಗೆ ಮಠದ ಉಗ್ರಾಣದ ಹೊಣೆ ಬಂದು ಒಂದು ತಿಂಗಳಾಗಿತ್ತು. ಅಷ್ಟರಲ್ಲಿಯೇ ಅವನು ಅಡುಗೆಯವನನ್ನು, ಹಾಲು ತರುವವನನ್ನು, ಕಸ ಗುಡಿಸುವವಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಅನುಮಾನಿಸಿ ಮುಗಿಸಿದ್ದ. ನಂಬಿದವರೇ ಮೋಸ ಹೋಗುವುದು, ನಂಬದವನಿಗೆ ಆ ಭಯವೇ ಇಲ್ಲ ಎಂಬುದು ಅವನ ವಾದ. ಗುರುಗಳಿಗೆ ವಾದವೆಂದರೆ ಬೇಸರ. ಕುಳಿತುಕೋ ಎಂದು ಹೇಳಿ ಒಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಆ ಮಾತನ್ನು ಅವನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ಹಾಲನ್ನು ಕಂಡರೂ ಅನುಮಾನಿಸುತ್ತಿದ್ದ. ಅಂಗಡಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ. ಹತ್ತು ಹೆಜ್ಜೆ ನಡೆದು, ಹಿಂದಿರುಗಿ ಬಂದು, ಮತ್ತೊಮ್ಮೆ ಎಳೆಯುತ್ತಿದ್ದ. ಬೀಗಕ್ಕೆ ಬಾಯಿದ್ದರೆ ಅದೇ ಬೈಯುತ್ತಿತ್ತು.

ಅವನಿಗೆ ಒಂದು ಕಾರಿತ್ತು. ನಾಲ್ಕು ವರ್ಷದ ಹಿಂದೆ ಅದೇ ಬೀದಿಯ ಒಬ್ಬ ಹೆಂಗಸಿನಿಂದ ಕೊಂಡದ್ದು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿ ಹೊಂದಿದವಳು, ಊರಿಗೆಲ್ಲ ನರ್ಸಮ್ಮ. ಗಂಡ ತೀರಿಕೊಂಡ ಮೇಲೆ ಓಡಿಸುವವರಿಲ್ಲವೆಂದು ಕಾರು ಮಾರಿದ್ದಳು. ಜೊತೆಗೆ ಗುಂಡಿ ಒತ್ತಿದರೆ ಬಾಗಿಲು ತೆರೆಯುವ ಎರಡು ರಿಮೋಟ್ ಕೀ ಕೊಟ್ಟಿದ್ದಳು. ವ್ಯಾಪಾರಿ ಒಂದನ್ನು ತಿಜೋರಿಯಲ್ಲಿಟ್ಟ. ಇನ್ನೊಂದನ್ನು ಬೆಳಿಗ್ಗೆ ಡ್ರೈವರನ ಕೈಗೆ ಕೊಟ್ಟು ಸಂಜೆ ಮರಳಿ ಪಡೆಯುತ್ತಿದ್ದ. ಅಂಗಡಿಯ ಮುಂದೆ ಜಾಗ ಸಾಲದು, ಆದ್ದರಿಂದ ಕಾರು ದಿನವೂ ನರ್ಸಮ್ಮನ ಮನೆಯ ಎದುರಿಗೇ ನಿಲ್ಲುತ್ತಿತ್ತು.

ಕಾರು ಕೊಂಡ ನಾಲ್ಕನೆಯ ವರ್ಷ ಆಯುಧಪೂಜೆಯ ದಿನ ವ್ಯಾಪಾರಿ ತಕ್ಕಡಿ, ಕತ್ತರಿ, ಬೀಗಗಳ ಜೊತೆ ಕಾರಿನ ಕೀಯನ್ನೂ ದೇವರ ಮುಂದಿಟ್ಟ. ಪುರೋಹಿತರು ನಾಲ್ಕು ಹನಿ ನೀರು ಪ್ರೋಕ್ಷಿಸಿ ಸಾಕು ಎಂದರು. ನಾಲ್ಕು ಹನಿಯನ್ನು ನಂಬುವವನೇ ಅವನು? ಕೀಯನ್ನೆತ್ತಿ ಪಂಚಾಮೃತದ ಬಟ್ಟಲಿನಲ್ಲಿ ಮುಳುಗಿಸಿದ. ಪೂಜೆ ಸಾಂಗವಾಗಿ ಮುಗಿಯಿತು. ಮಾರನೆಯ ದಿನ ಡ್ರೈವರ್ ಕೀ ಒತ್ತಿದರೆ ಕಾರು ಮಿಸುಕಲಿಲ್ಲ.

ವ್ಯಾಪಾರಿಗೆ ತನ್ನ ಭಕ್ತಿಯ ಮೇಲೆ ಅನುಮಾನ ಬರಲಿಲ್ಲ, ಡ್ರೈವರನ ಮೇಲೆ ಬಂತು. ಒಳ್ಳೆಯ ಕೀಯನ್ನು ಬಚ್ಚಿಟ್ಟು ಕೆಟ್ಟದ್ದನ್ನು ತಂದುಕೊಟ್ಟಿರಬಹುದು ಎಂದುಕೊಂಡ. ತಿಜೋರಿಯ ಕೀ ತೆಗೆದುಕೊಂಡು, ಅದೇ ಡ್ರೈವರನಿಂದ ಕಾರು ನಡೆಸಿಕೊಂಡು, ಪೇಟೆಯಲ್ಲಿ ಕಾರಿನ ಕೀ ಮಾಡಿಕೊಡುವವನ ಅಂಗಡಿಗೆ ಹೋದ.

ಕೀ ಮಾಡುವವನು ಕೆಟ್ಟ ಕೀಯನ್ನು ಬಿಚ್ಚಿ ನೋಡಿದ. ಒಳಗೆ ಜೇನುತುಪ್ಪವಿತ್ತು, ಬಾಳೆಹಣ್ಣಿನ ತಿರುಳಿತ್ತು. ಇದನ್ನು ಪ್ರಸಾದವೆಂದು ಹಂಚಬಹುದು, ಕಾರಿಗೆ ಉಪಯೋಗವಿಲ್ಲ, ಹೊಸದೇ ಮಾಡಬೇಕು ಎಂದ. ಹೊಸದನ್ನು ಸೇರಿಸುವಾಗ ಹಳೆಯ ಕೀಗಳನ್ನೆಲ್ಲ ಮುಂದಿಡಬೇಕು. ಇಡದೆ ಬಿಟ್ಟ ಕೀಯನ್ನು ಕಾರು ಆಮೇಲೆ ಗುರುತಿಸುವುದಿಲ್ಲ ಎಂದೂ ಹೇಳಿದ. ಇರುವುದೇ ಎರಡು ಎಂದ ವ್ಯಾಪಾರಿ. ಕೀ ಮಾಡುವವನು ತನ್ನ ಯಂತ್ರದ ತಂತಿಯನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ. ಈ ಕಾರು ಎಷ್ಟು ಕೀಗಳನ್ನು ಬಲ್ಲುದು ಎಂಬುದು ಪರದೆಯ ಮೇಲೆ ಬಂತು. ಮೂರು.

ಮತ್ತೊಮ್ಮೆ ನೋಡು ಎಂದ ವ್ಯಾಪಾರಿ, ಆಗಲೂ ಮೂರೇ. ಇಷ್ಟು ದಿನ ತನಗೆ ಗೊತ್ತಿಲ್ಲದ ಒಂದು ಕೈ ತನ್ನ ಕಾರಿನ ಬಾಗಿಲ ಮೇಲಿತ್ತು. ಅದು ಯಾರ ಕೈಯೆಂದು ಅವನು ಯೋಚಿಸಲು ಹೋಗಲಿಲ್ಲ, ಪಕ್ಕದಲ್ಲೇ ಒಬ್ಬ ನಿಂತಿದ್ದನಲ್ಲ. ಹತ್ತಾರು ಜನರ ಎದುರಿಗೆ ಡ್ರೈವರನನ್ನು ಕಳ್ಳನೆಂದ. ಉಂಡ ಮನೆಯ ಗಳ ಎಣಿಸಿದವನೆಂದ.

"ಯಜಮಾನರೇ, ಆ ಮೂರನೆಯದು..." ಎಂದು ಡ್ರೈವರ್ ಬಾಯಿ ತೆರೆದ.

"ಮುಚ್ಚು ಬಾಯಿ. ನಿನ್ನ ಕತೆ ಕೇಳುವುದಕ್ಕೆ ಬಂದಿಲ್ಲ ನಾನು."

ಡ್ರೈವರ್ ಒಂದು ಗಳಿಗೆ ಯಜಮಾನನ ಮುಖ ನೋಡಿದ. ಮತ್ತೆ ಬಾಯಿ ತೆರೆಯಲಿಲ್ಲ. ಅವನಿಗಿದ್ದ ಆಸ್ತಿ ಒಳ್ಳೆಯ ಹೆಸರೊಂದೇ. ಅದು ಹೋದವನ ಕೈಗೆ ಯಾರೂ ಗಾಡಿ ಕೊಡುವುದಿಲ್ಲ. ಅದು ಹೋಯಿತೆಂದು ಅವನಿಗೆ ಆಗಲೇ ತಿಳಿದಿತ್ತು. ಕೈಯಲ್ಲಿದ್ದ ಕೀಯನ್ನು ಅಂಗಡಿಯ ಮೇಜಿನ ಮೇಲಿಟ್ಟು ನಡೆದೇ ಹೊರಟುಹೋದ.

ಅವನು ಕಣ್ಮರೆಯಾದ ಮೇಲೆ ಕೀ ಮಾಡುವವನು ತಲೆ ಎತ್ತಿದ. ಕೈ ಬದಲಾದ ಕಾರುಗಳಲ್ಲಿ ಇದು ನಾವು ದಿನವೂ ಕಾಣುವ ಸಂಗತಿ, ಒಂದು ಕೀ ಮೊದಲ ಮಾಲೀಕರ ಮನೆಯಲ್ಲಿಯೇ ಉಳಿದಿರುತ್ತದೆ, ಮೊದಲು ಅಲ್ಲಿ ವಿಚಾರಿಸಬೇಕು ಎಂದ. ಇದನ್ನು ಆಗಲೇ ಏಕೆ ಹೇಳಲಿಲ್ಲ ಎಂದು ವ್ಯಾಪಾರಿ ರೇಗಿದ. ನೀವು ಹೇಳಲು ಬಿಡಲಿಲ್ಲ ಎಂದು ಅವನು ಮತ್ತೆ ಕೆಲಸಕ್ಕೆ ಬಾಗಿದ.

ವ್ಯಾಪಾರಿ ಎರಡು ದಿನ ಸುಮ್ಮನಿದ್ದ. ಆಡಿದ ಮಾತನ್ನು ನುಂಗುವುದು ಅವನಿಗೆ ಕಷ್ಟವಿತ್ತು. ಮೂರನೆಯ ದಿನ ಅನುಮಾನವೇ ಗೆದ್ದಿತು. ಡ್ರೈವರನಲ್ಲದಿದ್ದರೆ ಕಳ್ಳಿ ಈಕೆಯೇ ಎಂದುಕೊಂಡು ನರ್ಸಮ್ಮನ ಮನೆಗೆ ಹೋದ. ನಿನ್ನ ಹತ್ತಿರ ನನ್ನ ಕಾರಿನ ಕೀ ಇದೆಯೇ ಎಂದು ಹೊಸ್ತಿಲಲ್ಲೇ ನಿಂತು ಕೇಳಿದ.

ಇದೆ ಎಂದಳು ಆಕೆ. ಒಳಗೆ ಹೋಗಿ ತಂದು ಅಂಗೈಯಲ್ಲಿಟ್ಟು ತೋರಿಸಿದಳು. ಕಾರು ಮಾರಿದ ತಿಂಗಳಿಗೆ ಗಂಡನ ಹಳೆಯ ಕೋಟಿನ ಜೇಬಿನಲ್ಲಿ ಸಿಕ್ಕಿತ್ತಂತೆ. ಅಂದೇ ಕೊಡಲು ಅಂಗಡಿಗೆ ಬಂದಿದ್ದಳಂತೆ. ಆಕೆ ಮೆಟ್ಟಿಲು ಹತ್ತುವುದನ್ನು ಕಂಡು, ಮಾರಿದ ಮೇಲೆ ಮುಗಿಯಿತು, ಮತ್ತೆ ಚೌಕಾಸಿಗೆ ಬರಬೇಡ ಎಂದು ಅವನು ಗದರಿದನಂತೆ. ಪರರ ವಸ್ತುವನ್ನು ಬಿಸಾಡಲು ಮನಸ್ಸು ಬಾರದೆ ದೇವರ ಮನೆಯಲ್ಲಿ ಇಟ್ಟಿದ್ದಳು.

ವ್ಯಾಪಾರಿಗೆ ನಂಬಿಕೆಯಾಗಲಿಲ್ಲ. ನಾಲ್ಕು ವರ್ಷ ಕಾರು ಇವಳ ಬಾಗಿಲಲ್ಲೇ ನಿಂತಿತ್ತು, ಕೀ ಇವಳ ಕೈಯಲ್ಲೇ ಇತ್ತು.

"ಒಂದು ಸಲವೂ ಉಪಯೋಗಿಸಲಿಲ್ಲವೇ?" ಎಂದು ಕೇಳಿದ.

"ಒಂದು ಸಲ ಉಪಯೋಗಿಸಿದೆ," ಎಂದಳು ನರ್ಸಮ್ಮ. "ನಿಮ್ಮ ಮೊಮ್ಮಗಳು ಒಳಗಿದ್ದಳು."

ಹೋದ ಬೇಸಿಗೆಯ ಮಾತು. ಡ್ರೈವರ್ ಸರಕು ತರಲು ಲಾರಿಯ ಜೊತೆ ಹೋಗಿದ್ದ. ವ್ಯಾಪಾರಿ ತಾನೇ ಕಾರು ನಡೆಸಿಕೊಂಡು ಬಂದಿದ್ದ. ಹಿಂದಿನ ಸೀಟಿನಲ್ಲಿ ಮೂರು ವರ್ಷದ ಮೊಮ್ಮಗಳು ನಿದ್ದೆ ಹೋಗಿದ್ದಳು. ಐದೇ ನಿಮಿಷ ಎಂದುಕೊಂಡು ಕಾರಿಗೆ ಬೀಗ ಹಾಕಿ ಅಂಗಡಿಗೆ ಹೋದ. ಮದುವೆಯ ಪಾತ್ರೆಗೆ ಗಿರಾಕಿಗಳು ಬಂದರು. ಮಗು ಮರೆತೇ ಹೋಯಿತು. ನರ್ಸಮ್ಮ ಕಿಟಕಿಯಿಂದ ನೋಡಿದಾಗ ಕಾರಿನ ಗಾಜಿಗೆ ಒಂದು ಪುಟ್ಟ ಅಂಗೈ ಒತ್ತಿಕೊಂಡಿತ್ತು. ನೋಡುತ್ತಿದ್ದಂತೆ ಅದು ಕೆಳಗೆ ಜಾರಿತು.

ಆಕೆ ಕೀ ಒತ್ತಿ ಮಗುವನ್ನು ಹೊರಗೆಳೆದಾಗ ಮೈ ಕಾದ ಹಂಚಿನಂತಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ಆಸ್ಪತ್ರೆಯ ಅನುಭವ ಕೈಯಲ್ಲಿತ್ತು. ಒದ್ದೆ ಬಟ್ಟೆ ಸುತ್ತಿದಳು, ಗಾಳಿ ಹಾಕಿದಳು. ಮಗು ಕಣ್ಣು ತೆರೆದು ಅತ್ತಾಗ ಚಮಚದಲ್ಲಿ ನೀರು ಕುಡಿಸಿದಳು. ಅಷ್ಟರಲ್ಲಿ ಲಾರಿ ಬಂತು. ಡ್ರೈವರ್ ಇಳಿದು ಓಡಿ ಬಂದ. ಮಗುವನ್ನೂ ಕೀಯನ್ನೂ ಒಯ್ದು ಯಜಮಾನರಿಗೆ ಕೊಡು ಎಂದಳು ಆಕೆ. ಅವನು ಮಗುವನ್ನು ಮಾತ್ರ ಎತ್ತಿಕೊಂಡ.

"'ಬೇಡ ಅಮ್ಮ, ಮಗು ಹೇಗಿದೆ ಅಂತ ಅವರು ಕೇಳೋದಿಲ್ಲ, ಕೀ ಎಲ್ಲಿತ್ತು ಅಂತ ಕೇಳ್ತಾರೆ. ನಿಮ್ಮ ಹತ್ತಿರವೇ ಇರಲಿ' ಎಂದ," ಎಂದಳು ನರ್ಸಮ್ಮ.

ವ್ಯಾಪಾರಿಗೆ ಆ ದಿನ ನೆನಪಾಯಿತು. ಡ್ರೈವರ್ ಮಗುವನ್ನು ತಂದು, ಬಾಗಿಲು ಸರಿಯಾಗಿ ಬಿದ್ದಿರಲಿಲ್ಲ, ಮಗು ಸೆಕೆಗೆ ಎದ್ದು ಅಳುತ್ತಿತ್ತು, ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದಿದ್ದ. ಬಾಗಿಲು ರಿಪೇರಿ ಮಾಡಿಸದೆ ಬಿಟ್ಟೆಯಾ ಎಂದು ತಾನು ಅವನನ್ನೇ ಬೈದಿದ್ದ. ಅವನು ಬೈಗುಳವನ್ನು ತಲೆ ಬಗ್ಗಿಸಿ ಕೇಳಿಸಿಕೊಂಡಿದ್ದ.

ವ್ಯಾಪಾರಿ ಹೊಸ್ತಿಲ ಮೇಲೆ ಕುಸಿದು ಕುಳಿತ. ಆ ಕೀಯನ್ನು ಅವನು ಕೈಯಿಂದ ಮುಟ್ಟಲಾರದೆ ಹೋದ. ನರ್ಸಮ್ಮ ಅವನಿಗೂ ಒಂದು ಲೋಟ ನೀರು ಕೊಟ್ಟಳು.

ಎದ್ದವನು ನೇರವಾಗಿ ಡ್ರೈವರನ ಮನೆಗೆ ಹೋದ. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯವರು ಅವನನ್ನು ಕಂಡು ಮುಖ ತಿರುಗಿಸಿದರು. ಶಾಲೆಯ ವ್ಯಾನ್ ಓಡಿಸುವ ಕೆಲಸ ಮುಂದಿನ ತಿಂಗಳಿಂದ ಡ್ರೈವರನಿಗೆ ಗಟ್ಟಿಯಾಗಿತ್ತಂತೆ. ಕೀ ಕದ್ದವನ ಕೈಗೆ ಮಕ್ಕಳನ್ನು ಹೇಗೆ ಕೊಡುವುದೆಂದು ಶಾಲೆಯವರು ಬೇಡವೆಂದರಂತೆ. ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ, ಯಾವ ಊರಿಗೆ ಎಂದು ಹೇಳಲಿಲ್ಲ ಎಂದರು.

ವ್ಯಾಪಾರಿ ತಪ್ಪು ತನ್ನದೆಂದು ಅಂಗಡಿ ಅಂಗಡಿಗೆ ಹೋಗಿ ಹೇಳಿದ. ಜನ ಹೌದೇ ಎಂದರು, ತಮ್ಮ ಕೆಲಸ ನೋಡಿಕೊಂಡರು. ಕಳ್ಳನೆಂಬ ಮಾತು ಓಡಿದಷ್ಟು ಬೇಗ ಅಲ್ಲವೆಂಬ ಮಾತು ಓಡುವುದಿಲ್ಲ. ಹುಡುಕಿಸಿದ. ಡ್ರೈವರ್ ಸಿಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, ಆ ಡ್ರೈವರನೂ ಹಟಮಾರಿ, ಒಂದೇ ಒಂದು ಮಾತು ನಿಜ ಹೇಳಿದ್ದರೆ ಎಲ್ಲವೂ ಉಳಿಯುತ್ತಿತ್ತಲ್ಲ ಎಂದ.

"ಯಾರಿಗೆ ಹೇಳಬೇಕಿತ್ತಪ್ಪಾ?" ಎಂದರು ಗುರುಗಳು.